ಹನ್ನೊಂದರ ಲೆಕ್ಕ

ಪಟದಲ್ಲಿ ಹಿಮಚಿರತೆಯ ಬಾಲ ಹೆಚ್ಚುಕಡಿಮೆ ಮೈಯಷ್ಟೇ ಉದ್ದ.
"ಚಳಿಗೆ ಅದನ್ನೇ ಹೊದ್ದು ಮಲಗುತ್ತದೆ" ಎಂದೆ.
ಒಲೆಯಲ್ಲಿ ಯಾಕಿನ ಬೆರಣಿ ಚಟಗುಟ್ಟಿತು.
ಹದಿಮೂರು ಮಕ್ಕಳು ನಕ್ಕರು.
ಶೋದ್ಮೋನ್ ನಗಲಿಲ್ಲ.

"ನಮ್ಮ ಹಟ್ಟಿಗೆ ಸೂರಿನ ಕಿಂಡಿಯಿಂದ ಇಳಿದಿತ್ತು.
ಒಂದೇ ರಾತ್ರಿ ಹನ್ನೊಂದು ಕುರಿ.
ಒಂದನ್ನೂ ಪೂರ್ತಿ ತಿನ್ನಲಿಲ್ಲ, ಟೀಚರ್.
ಇದನ್ನು ಉಳಿಸಬೇಕಾ?"

ದುಶಾಂಬೆಯಿಂದ ಬಂದ ಕೈಪಿಡಿಯಲ್ಲಿ
ಈ ಪ್ರಶ್ನೆಗೆ ಪುಟವಿರಲಿಲ್ಲ.
ಸೀಮೆಸುಣ್ಣ ನನ್ನ ಬೆರಳಲ್ಲೇ ಪುಡಿಯಾಯಿತು.

ಪಾಠ ನಿಲ್ಲಿಸಿ ಎಲ್ಲರೂ ಅವನ ಹಟ್ಟಿಗೆ ನಡೆದೆವು.
ಪಾಮಿರಿನ ಗಾಳಿ ಕಿವಿ ಕಚ್ಚುತ್ತಿತ್ತು.
ಅವನಪ್ಪ ಖುದೋಯೋರ್ ಮಾತಾಡಲಿಲ್ಲ,
ಏಣಿ ತಂದು ಗೋಡೆಗೆ ಆನಿಸಿದ.
ಮಕ್ಕಳು ಕಿಂಡಿ ಅಳೆದರು:
ಉದ್ದ ನಾಲ್ಕು ಗೇಣು, ಅಗಲ ಮೂರು.
ಯಾರ ಗೇಣೆಂದು ಜಗಳವಾಡಿ ಮತ್ತೊಮ್ಮೆ ಅಳೆದರು.
ಎಷ್ಟು ತಂತಿಬಲೆ ಬೇಕು?
ಅಂದಿನ ಗಣಿತ ಅಷ್ಟೇ.

ಅಂಚಿನ ಕಲ್ಲಿಗೆ ಹೊಗೆಬಣ್ಣದ ನಾಲ್ಕು ಕೂದಲು
ಇನ್ನೂ ಅಂಟಿಕೊಂಡಿದ್ದವು.
ಶೋದ್ಮೋನ್ ಮೆಲ್ಲಗೆ ಬಿಡಿಸಿದ, ಮೂಸಿದ.
ಗಾಳಿಗೆ ತೂರುತ್ತಾನೆ ಅಂದುಕೊಂಡೆ.

ನೋಟ್‌ಬುಕ್ಕಿನ ನಡುವೆ ಇಟ್ಟುಕೊಂಡ,
ಹನ್ನೊಂದು ಗೀಟು ಎಳೆದಿದ್ದ
ಅದೇ ಹಾಳೆಯಲ್ಲಿ.