ಹೆಸರಿಗೊಂದು ದೀರ್ಘ

ಕೋಲಾರದ ಕೋಟೆಯೊಳಗೆ, ಕೋಲಾರಮ್ಮನ ಗುಡಿಗೆ ಬೆನ್ನು ಮಾಡಿದ
ಸಂದಿಯ ಬಾಯಲ್ಲಿ ನಮ್ಮ ಹಿಟ್ಟಿನ ಗಿರಣಿ.
ಗೋಡೆಗೆ ಒಂದು ಕರಿಹಲಗೆ.
ಮಾವ ನೇತುಹಾಕಿದ್ದು, ರಾಗಿ ಬೀಸುವ ದರ ಬರೆಯಲಿಕ್ಕೆ.
ದರಕ್ಕೆ ಮೇಲಿನ ಮೂಲೆ ಸಾಕಾಯಿತು.
ಮಿಕ್ಕ ಜಾಗ ಕೋಟೆಯವರದಾಯಿತು.

ಬರೆಯುವವಳು ನಾನು.
ಏಳನೇ ಕ್ಲಾಸಿನ ಅಕ್ಷರ, ಸ್ವಲ್ಪ ಬಲಕ್ಕೆ ವಾಲುತ್ತೆ.
ಕೈಗೆ ಅಂಟಿದ್ದು ಹಿಟ್ಟೋ ಬಳಪವೋ, ಸಂಜೆಗೆ ನನಗೇ ತಿಳಿಯಲ್ಲ.
ಸುದ್ದಿ ತೆಲುಗಿನಲ್ಲಿ ಬರುತ್ತೆ, ಚೀಲದ ಜೊತೆ,
ಕನ್ನಡದಲ್ಲಿ ಹಲಗೆ ಹತ್ತುತ್ತೆ,
ಉರ್ದುವಿನಲ್ಲಿ ತಿದ್ದುಪಡಿಯಾಗುತ್ತೆ.

ಗುರುವಾರ ನಸುಕಿಗೆ ನೀರು, ಮೇಲಿನ ಬೀದಿಗೆ ಮಾತ್ರ.
ಮುನಿಲಕ್ಷ್ಮಮ್ಮನವರ ಕಂದು ಹುಂಜ ಕಾಣೆ, ಎಡಗಾಲಿಗೆ ಹಸಿರು ದಾರ.
ಮೂಲೆಯ ಲೈಟು ಕಂಬ ಮುಟ್ಟಬೇಡಿ, ಷಾಕ್ ಹೊಡೆಯುತ್ತೆ.
ಪಾಚಾಸಾಬರ ಮೊಮ್ಮಗಳು ಪಿಯುಸಿ ಪಾಸು.
ಕೆಳಗೆ ಯಾರೋ ಇದ್ದಿಲಿನಲ್ಲಿ: ಎರಡನೇ ಸಲಕ್ಕೆ.

ಪೇಪರಿನವರು ಬಂದಿದ್ದರು ಒಮ್ಮೆ, ಕೋಟೆಯ ಬಗ್ಗೆ ಬರೆಯಲು.
ಕಲ್ಲು ನೋಡಿದರು, ಶಾಸನ ನೋಡಿದರು,
ಸಾವಿರ ವರ್ಷ ಅಂದರು.
ಹುಂಜ ಸಿಕ್ಕಿತಾ ಅಂತ ಕೇಳಲಿಲ್ಲ.

ಒಂದು ಶುಕ್ರವಾರ ಬರೆದೆ:
ಕಲಾಯಿ ಮೊಹಿದಿನ್ ಸಾಬರು ತೀರಿಕೊಂಡರು. ಮಣ್ಣು ನಾಲ್ಕು ಗಂಟೆಗೆ.
ಸತ್ತಿದ್ದು ರಹಮತ್ ನಗರದ ಗಡಿಯಾರ ರಿಪೇರಿ ಮೊಹಿದೀನ್.
ನಾನು ಅರ್ಧ ಕೇಳಿಸಿಕೊಂಡಿದ್ದೆ. ಗಿರಣಿ ಓಡುತ್ತಿತ್ತು.

ಜನ ಹೊರಟೇಬಿಟ್ಟರು.
ಹೂವಿನ ಕದಿರಮ್ಮ ದುಡ್ಡು ಮುಟ್ಟದೆ
ಎರಡು ಮೊಳ ಜಾಸ್ತಿ ಅಳೆದಳು.
ಹೋಗಿ ನೋಡಿದರೆ ಹೊಸ್ತಿಲ ಮುಂದೆ ಕುಕ್ಕರುಗಾಲಲ್ಲಿ ಕೂತು
ಯಾರದೋ ಮದುವೆ ಕೊಳಗಕ್ಕೆ
ನವಸಾಗರ ಉಜ್ಜುತ್ತಿದ್ದಾರೆ ಮುದುಕ.

ಬಂದರು ನನ್ನ ಹತ್ತಿರ, ಹೊಗೆ ವಾಸನೆಯ ಅಂಗಿಯಲ್ಲಿ,
ಕೊರಳಲ್ಲಿ ತಮ್ಮದೇ ಹಾರ.
ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ, ಒರೆಸುವ ಬಟ್ಟೆ ಹಿಡಿದು.
ಬೆರಳಿಟ್ಟು ಓದಿದರು, ಎರಡು ಸಲ.
"ಅಳಿಸಬೇಡ, ಸಂಜೆವರೆಗೂ ಇರಲಿ.
ಯಾರ್ಯಾರು ಬರ್ತಾರೆ ನೋಡ್ತೀನಿ.
ಆದರೆ ದಿಗೆ ದೀರ್ಘ ಎಲ್ಲಮ್ಮಾ?
ಆಯಸ್ಸಿಗಂತೂ ಕೊಡಲಿಲ್ಲ, ಹೆಸರಿಗಾದರೂ ಕೊಡು."
ಕೊಟ್ಟೆ. ಬಳಪ ಮುರಿಯಿತು.

ಆ ಸಂಜೆ ಅವರ ಬಾಗಿಲಲ್ಲಿ ನಲವತ್ತು ಲೋಟ ಟೀ.
ಹನ್ನೊಂದು ವರ್ಷ ಮಾತು ಬಿಟ್ಟಿದ್ದ ತಮ್ಮ
ಮುಳಬಾಗಿಲಿನಿಂದ ಬಂದ, ಅತ್ತುಕೊಂಡೇ,
ಬದುಕಿರುವ ಅಣ್ಣನನ್ನು ಕಂಡು ಸಿಟ್ಟಾದ,
ಬಸ್ ಚಾರ್ಜು ಕೇಳಿದ,
ಊಟಕ್ಕೆ ಉಳಿದ.

ಆಮೇಲೆ ಮೂರು ವರ್ಷ, ಕಂಡಾಗಲೆಲ್ಲ,
"ಇವತ್ತೇನು, ಇದ್ದೀನಾ?" ಅನ್ನೋರು.
"ನೀವಿದ್ದೀರಿ, ನೀರಿಲ್ಲ" ಅಂತಿದ್ದೆ.

ಮೊನ್ನೆ ಅವರ ಸೊಸೆ ಶಹೀನಾ ಬಂದಳು.
ಕೈಯಲ್ಲಿ ಚೀಲ ಇರಲಿಲ್ಲ.
ಬರೆಯುವ ಮೊದಲು ನಾನೇ ಹೋಗಿ ಮುಖ ನೋಡಿದೆ,
ಇನ್ನೊಂದು ಸಲ ನೋಡಿದೆ.
ದೀರ್ಘ ಮರೆಯದೆ ಬರೆದೆ.

ಯಾರೂ ನಂಬಲಿಲ್ಲ.
ಹಲಗೆ ಮುಂದೆ ನಕ್ಕರು ಕೆಲವರು,
ಗಿರಣಿ ನಿಂತಿದ್ದು ಕಿವಿಗೆ ಬಿದ್ದು ಸುಮ್ಮನಾದರು.
ಈಸಾರಿ ನಿಜಮೇನಾ? ಕದಿರಮ್ಮ.
ಸಚ್ಚೀಚ್ ಕ್ಯಾ? ಪಾಚಾಸಾಬರ ಮೊಮ್ಮಗಳು.
ನಿಜವೇನಮ್ಮಾ?
ಮೂರು ಭಾಷೆಗೂ ಒಂದೇ ಸಲ ತಲೆಯಾಡಿಸಿದೆ.

ಮೂರನೇ ದಿನ ಇವತ್ತು. ಹಲಗೆ ಒರೆಸಬೇಕು, ಸುದ್ದಿ ಕಾಯುತ್ತಿದೆ.
ಒರೆಸಿದೆ.
ದೀರ್ಘ ಒಂದು ಮಾತ್ರ,
ಒತ್ತಿ ಬರೆದಿದ್ದೆ ಅಂತ ಕಾಣುತ್ತೆ,
ಒದ್ದೆ ಬಟ್ಟೆಗೂ ಹೋಗುತ್ತಿಲ್ಲ.
ಅದರ ಹಿಂದಕ್ಕೆ ಒಂದು ನಿ ಕೂಡಿಸಿದೆ, ಮುಂದಕ್ಕೆ ಒಂದು ರು.
ಶನಿವಾರ ನಸುಕಿಗೆ.
ಕೆಳಗಿನ ಬೀದಿಗೂ.