ನೂರಾ ಹನ್ನೆರಡನೇ ಪುಟ

ಮಂಗಳನಲ್ಲಿ ಹಿಮ ಸಿಕ್ಕಿತು. ಕ್ಯಾಪ್ಟನ್
ಮಂಡಿಯೂರಿ ಅತ್ತ. ಆ ಕಣ್ಣೀರನ್ನೂ
ಯಂತ್ರ ಸೋಸಿ ಬಾಟಲಿಗೆ ತುಂಬಿತು.
ಅಲ್ಲಿಗೇ ಬಿಟ್ಟೆ.

ರಾಯಚೂರಿನಲ್ಲಿ ಒಂಬತ್ತು ದಿನಕ್ಕೆ,
ರಾತ್ರಿ ಎರಡೂವರೆಗೆ, ನಳ ಕೆಮ್ಮಿತು.
ಎದುರುಮನೆ ತಾಯಪ್ಪನ ಸಿಂಟೆಕ್ಸ್
ತುಂಬಿ, ಚೆಲ್ಲಿ, ಗೋಡೆಗುಂಟ ಇಳಿದು
ಚರಂಡಿ ಹಿಡಿದಿತ್ತು.
"ಮೋಟ್ರು ಬಂದ್ ಮಾಡ್ರೀ!"
ಮನುಷ್ಯ ಫ್ಯಾನಿನ ಕೆಳಗೆ ಸತ್ತಂಗೆ ಮಲಗಿದ್ದ.

ಆ ಕಡೆ ಕೃಷ್ಣೆ, ಈ ಕಡೆ ತುಂಗಭದ್ರೆ,
ನಡುವೆ ನನ್ನವೆರಡು ಕೊಡ.

ಒಂದು ಕಪಾಟು ಭವಿಷ್ಯ ಓದಿದ್ದೇನೆ:
ಯಾವ ಗ್ರಹದಲ್ಲೂ ಯಾರೂ
ಮೋಟ್ರು ಆರಿಸಲು ಏಳುವುದಿಲ್ಲ.

ಬೆಳಿಗ್ಗೆ ಎಲ್ಲ ರದ್ದಿಗೆ ಹಾಕಿದೆ,
ಕೆಜಿಗೆ ಹನ್ನೆರಡು.
ತೂಗಿದ ಹುಡುಗ ಬಾಟಲಿ ಎತ್ತಿ,
ಬಾಯಿ ಮುಕ್ಕಳಿಸಿ ರಸ್ತೆಗೆ ಉಗಿದ.
ಆ ಒದ್ದೆಯನ್ನೇ ನೋಡುತ್ತ ನಿಂತೆ:
ಹತ್ತು, ಒಂಬತ್ತು, ಎಂಟು,
ಏಳಕ್ಕೇ ಆರಿತು.