ನಾಲ್ಕು ಬೆರಳಿನ ಕಾವಲುಗಾರ

ಆನೆ ಕಂಬ ಕೆಡವಿ ಎರಡು ದಿನ.
ಸಿದ್ದಾಪುರದಲ್ಲಿ ಕರೆಂಟಿಲ್ಲ, ಆಟವಿಲ್ಲ;
ಅಶ್ರಫನ ಮೊಬೈಲ್ ರಿಪೇರಿ ಅಂಗಡಿಯಲ್ಲಿ
ಬರೀ ವಾದ.

"ಮೂರನೇ ಭಾಗದಲ್ಲಿ ಸೇತುವೆ ಕಾಯ್ತಾನಲ್ಲ,
ಮೊದಲನೇದರಲ್ಲಿ ಮುಳುಗಿದ ರಾಜಕುಮಾರ ಅವನೇ.
ಎಡಗೈ ನೋಡು, ನಾಲ್ಕೇ ಬೆರಳು."
ದೇಚು ಮೇಣದಬತ್ತಿಗೆ ತನ್ನ ಕೈಯನ್ನೇ ಒಡ್ಡುತ್ತಾಳೆ.
ಗೋಡೆಯ ನೆರಳಲ್ಲಿ ಒಂದು ಬೆರಳು ಕಾಣೆ.

"ಮತ್ತೆ ಅಮ್ಮನ್ನ ಕಂಡರೂ ಯಾಕೆ ಮಾತಾಡಲ್ಲ?"
ಜೋಯಪ್ಪನ ಪಾಟೀಸವಾಲು.
"ಆ ಹೊಳೆ ನೀರು ಕುಡಿದವರಿಗೆ
ಏನೂ ನೆನಪಿರಲ್ಲ."

ಸ್ಕ್ರೂ ಹುಡುಕುತ್ತಿದ್ದ ಅಶ್ರಫ್ ತಲೆಯೆತ್ತಲಿಲ್ಲ:
"ಚಿತ್ರ ಬರೆದವ ಒಂದು ಬೆರಳು ಮರೆತಿರ್ತಾನೆ, ಅಷ್ಟೇ."

ಕರಡಿಗೋಡಿನ ಕಡೆಯಿಂದ ಹೊಳೆಯ ಸದ್ದು
ಆಗಲೇ ಕೇಳಿಸಿದ್ದು.

ಬೆಳಿಗ್ಗೆ ಕರೆಂಟು ಬಂತು.
ಆಟ ಹಚ್ಚುವ ಮೊದಲೇ ದೇಚು
ಕೌಂಟರಿಗೆ ಒರಗಿದ್ದಳು, ನಿದ್ದೆಗೆಟ್ಟ ಕಣ್ಣು:
"ಮರೆತ ಅಂತಲೇ ಇಟ್ಕೊಳ್ಳಿ ಅಶ್ರಫಣ್ಣ.
ಮರೆತವನು
ಯಾವ ಹೊಳೆ ನೀರು ಕುಡಿದಿದ್ದ?"